ಬೆನ್ನು ಕಾಣುವ ಚಿತ್ರಗಳು

ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ಯಜಮಾನರಿಗೆ. ಅತ್ತವಳು ನಾನು, ಸಮಾಧಾನ ಮಾಡಿದವರು ಅವರು. ಅಷ್ಟರಲ್ಲಾಗಲೇ ಅವರಿಗೆ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಹಗಲಿನಲ್ಲೂ ಎರಡು ಪಕ್ಕ ಮಸುಕಾಗಿ, ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು. ಬೆಡೋಕ್‌ನ ನಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ ಕಂಬಕ್ಕೆ ಭುಜ ತಗುಲಿಸಿಕೊಂಡರೆ ಮಗಳು, "ಅಪ್ಪಾ, ಕೇರ್‌ಫುಲ್ ಲಾ!" ಎಂದು ಇಲ್ಲಿನವರ ಇಂಗ್ಲಿಷ್ ಧಾಟಿಯಲ್ಲಿ ಕೂಗಿ ಓಡಿಬಂದು ಕೈ ಹಿಡಿಯುತ್ತಿದ್ದಳು.

"ಪೂರ್ತಿ ಹೋಗೋದ್ರೊಳಗೆ ಹಿಮಾಲಯ ನೋಡ್ಬಿಡಬೇಕು ಕಣೇ," ಎಂದರು ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ. "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ. ಈಗ ಕಡಲೆ ಇದೆ, ಹಲ್ಲೂ ಒಂದೆರಡು ಉಳಿದಿದೆ. ಬೇಗ ಟಿಕೆಟ್ ಬುಕ್ ಮಾಡು. ನೀನು, ನಾನು, ಅಷ್ಟೇ."

ಭೂತಾನ್‌ಗೆ ಬುಕ್ ಮಾಡಿದೆ. ಜೊತೆಗೇ ಕ್ಯಾಮೆರಾಕ್ಕೆ ಹೊಸ ಲೆನ್ಸ್ ಕೊಂಡೆ. ಕಣ್ಣು ಕಳೆದುಕೊಳ್ಳುತ್ತಿರುವ ಮನುಷ್ಯನಿಗೆ ಆಮೇಲೆ ನೋಡಲಿಕ್ಕೆ ಇರಲಿ ಎಂದು ಫೋಟೋ! ನನ್ನ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ. ಆದರೆ ಹುಚ್ಚು ಅಂದರೆ ಹುಚ್ಚೇ. ಬ್ಯಾಂಕಿನ ಕೆಲಸ ಮುಗಿದ ಶನಿವಾರ, ಭಾನುವಾರಗಳನ್ನೆಲ್ಲ ಪಾಸಿರ್ ರಿಸ್ ಕಡಲತೀರದಲ್ಲಿ ಕೊಕ್ಕರೆಗಳ ಹಿಂದೆ ಸವೆಸಿದವಳು ನಾನು. ಈ ಊರಲ್ಲಿ ಏರು ಎಂದರೆ ಓವರ್‌ಹೆಡ್ ಬ್ರಿಡ್ಜ್. ನಿಜವಾದ ಬೆಟ್ಟ ಸಿಗುತ್ತದೆಂದಾಗ ಬಿಡಲಾದೀತೇ?

ಬೆಟ್ಟದ ಫೋಟೋಕ್ಕೆ ನಮ್ಮಂಥ ಫೋಟೋ ಹುಚ್ಚಿನವರಲ್ಲೊಂದು ಪಾಠವಿದೆ. ಎದುರಿಗೊಬ್ಬ ಮನುಷ್ಯ ಇಲ್ಲದಿದ್ದರೆ ಬೆಟ್ಟ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಆ ಮನುಷ್ಯ ಚಿಕ್ಕದಾಗಿ ಕಾಣಬೇಕು, ಕೆಂಪು ಬಟ್ಟೆಯಾದರೆ ಒಳ್ಳೆಯದು, ಮತ್ತು ಬೆನ್ನು ನಮ್ಮ ಕಡೆಗಿರಬೇಕು. ಮುಖ ಕಂಡರೆ ನೋಡುವವರು ಮುಖವನ್ನೇ ನೋಡುತ್ತಾರೆ, ಬೆಟ್ಟವನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಇವರಿಗೊಂದು ಕೆಂಪು ಜಾಕೆಟ್ ತೆಗೆದುಕೊಂಡೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ನಾನು ನಿನ್ನ ಗಂಡನೋ, ಅಳತೆ ಕೋಲೋ?" ಎಂದು ನಕ್ಕರು.

ಭೂತಾನಿನ ಮೊದಲ ಘಾಟಿಯಲ್ಲಿ ಮಂತ್ರದ ಬಾವುಟಗಳು ಮರದಿಂದ ಮರಕ್ಕೆ ಸಾಲುಗಟ್ಟಿದ್ದವು. ಬಣ್ಣ ಮಾಸಿದವೇ ಹೆಚ್ಚು. ಹಳೆಯದನ್ನು ಯಾರೂ ಬಿಚ್ಚುವುದಿಲ್ಲ, ಗಾಳಿಯೇ ಅದನ್ನು ಓದಿ ಮುಗಿಸಬೇಕು ಎಂದು ನಮ್ಮ ಗೈಡ್ ಹೇಳಿದ. ಅಷ್ಟರಲ್ಲಿ ಮೋಡ ಸರಿದು, ಹಿಮದ ಶಿಖರಗಳು ಒಂದರ ಪಕ್ಕ ಒಂದು ಬಿಳಿಯಾಗಿ ಎದ್ದು ನಿಂತವು. ಅಬ್ಬಾ! ಇವರನ್ನು ಅಂಚಿನಲ್ಲಿ ನಿಲ್ಲಿಸಿ ನಾನು ಹಿಂದೆ ಓಡಿದೆ.

ಇವರೋ, ನಿಂತಲ್ಲಿ ನಿಲ್ಲರು. ಪಕ್ಕದ್ದು ಕಾಣುವುದಿಲ್ಲವಲ್ಲ, ಹಿಂದಿರುವ ನನ್ನನ್ನು ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು. ಘಳಿಗೆಗೊಮ್ಮೆ ತಿರುಗುತ್ತಿದ್ದರು.

"ರೀ, ತಿರುಗಬೇಡಿ! ಬೆಟ್ಟ ನೋಡ್ರೀ, ಬೆಟ್ಟ!"

"ನೋಡಾಯ್ತಲ್ಲೇ."

"ಲೈಟ್ ಹೋಗ್ತಿದೆ, ಪ್ಲೀಸ್. ಇನ್ನೊಂದೇ ಒಂದು."

ಪಾಪ, ಮತ್ತೆ ಆ ಕಡೆಗೆ ತಿರುಗುತ್ತಿದ್ದರು. ಹೊಳೆಯ ಮೇಲಿನ ತೂಗುಸೇತುವೆಯಲ್ಲೂ ಇದೇ ಗೋಳು. ತಗಡಿನ ಮಾಡಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದ ಹಳ್ಳಿಯಲ್ಲೂ ಇದೇ ಗೋಳು. ಅವರ ಮುಖ ಬಂದ ಚಿತ್ರಗಳನ್ನೆಲ್ಲ ಕೆಟ್ಟವೆಂದು ಅಲ್ಲಲ್ಲೇ ಅಳಿಸಿಹಾಕಿದೆ.

ಒಂದು ಮಠದಲ್ಲಿ ಮಾತ್ರ ಚಪ್ಪಲಿಯ ಜೊತೆ ಕ್ಯಾಮೆರಾವನ್ನೂ ಹೊರಗಿಡಬೇಕಾಯಿತು. ಗುಡಿಯ ಒಳಗೆ ಫೋಟೋ ತೆಗೆಯುವ ಪದ್ಧತಿಯೇ ಅಲ್ಲಿಲ್ಲ. ಗೊಣಗುತ್ತಲೇ ಒಳಗೆ ಹೋದೆ. ಬೆಣ್ಣೆಯ ದೀಪಗಳು ಉರಿಯುತ್ತಿದ್ದವು. ಭಿಕ್ಷುಗಳು ತಗ್ಗಿದ ದನಿಯಲ್ಲಿ ಪಠಿಸುತ್ತಿದ್ದರು. ಮರದ ನೆಲದ ಮೇಲೆ ಇವರ ಪಕ್ಕದಲ್ಲಿ ಕೂತೆ. ಕೈ ಖಾಲಿ, ಕುತ್ತಿಗೆ ಹಗುರ. ಎಷ್ಟೋ ದಿನದ ಮೇಲೆ ಇಬ್ಬರೂ ಸುಮ್ಮನೆ ಒಟ್ಟಿಗೆ ಕೂತಿದ್ದು ಅದೇ. ತಿರುಗಿ ನೋಡಿದರೆ ಅವರು ಪೂರ್ತಿ ನನ್ನ ಕಡೆಗೇ ಮುಖ ಮಾಡಿದ್ದರು. ನಾನು ನಕ್ಕೆ. ಅವರು ನಗಲಿಲ್ಲ. ಭಕ್ತಿಯಲ್ಲಿದ್ದಾರೆ ಎಂದುಕೊಂಡೆ. ದೀಪದ ಆ ಮಬ್ಬಿನಲ್ಲಿ ಅವರ ಕಣ್ಣಿಗೆ ಏನೂ ಕಾಣದೆಂಬುದು ನನಗೆ ಹೊಳೆಯಲೇ ಇಲ್ಲ. ಹೊರಗೆ ಬಂದರೆ ಬಿಸಿಲು ಚೆಲ್ಲಿತ್ತು. ಕ್ಯಾಮೆರಾ ಎತ್ತಿ ಕುತ್ತಿಗೆಗೆ ಹಾಕಿಕೊಂಡೆ.

ಈಗ ಅವರಿಗೆ ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಸಂಜೆ ಹೊತ್ತು ಸೋಫಾದಲ್ಲಿ ಪಕ್ಕಕ್ಕೆ ಕೂತು, ಲ್ಯಾಪ್‌ಟಾಪ್ ತೆರೆದು, ಒಂದೊಂದೇ ಚಿತ್ರವನ್ನು ಅವರಿಗೆ ಬಾಯಲ್ಲಿ ಹೇಳುತ್ತೇನೆ. ಇದು ಘಾಟಿ, ಇದು ಹೊಳೆ ಎನ್ನುವಷ್ಟಕ್ಕೆ ನನ್ನ ಮಾತು ನಿಂತುಹೋಗುತ್ತದೆ. ಮುಂದಿನದನ್ನು ಅವರೇ ಹೇಳುತ್ತಾರೆ. ಅಲ್ಲಿ ಸುಡುತ್ತಿದ್ದ ಸೊಪ್ಪಿನ ಹೊಗೆಯ ವಾಸನೆ, ಒದ್ದೆ ಸೀರೆ ಒದರಿದಂತೆ ಬಾವುಟಗಳು ಮಾಡುತ್ತಿದ್ದ ಸದ್ದು. ನಾನೂ ಅಲ್ಲೇ ಇದ್ದೆ, ನನಗೆ ಒಂದೂ ನೆನಪಿಲ್ಲ. ಹೊಟ್ಟೆ ಉರಿಯುತ್ತದೆ.

ಮೊನ್ನೆ ಘಾಟಿಯ ಚಿತ್ರ ಬಂದಾಗ ತಮಾಷೆಗೆ ಕೇಳಿದೆ, "ಅವತ್ತು ಯಾಕ್ರೀ ಅಷ್ಟು ಸಲ ತಿರುಗ್ತಿದ್ರಿ? ಅಂಥಾ ಹಿಮಾಲಯ ಸಾಲ್ಲಿಲ್ವಾ?"

"ಬೆಟ್ಟ ಒಂದ್ಸಲ ನೋಡಿದ್ರೆ ಆಯ್ತು ಕಣೇ," ಎಂದರು. "ಒಳ್ಳೇ ಬೆಳಕಿತ್ತಲ್ಲ, ನಿನ್ನ ಮುಖ ಚೆನ್ನಾಗಿ ನೋಡಿ ಇಟ್ಕೊಳ್ಳೋಣ ಅಂತಿದ್ದೆ. ಅದಕ್ಕೇ ಅಲ್ವಾ ಹೊರಟಿದ್ದು? ತಿರುಗಿದಾಗೆಲ್ಲ ನಿನ್ನ ಮುಖದ ಮುಂದೆ ಆ ಕ್ಯಾಮೆರಾ ಇರ್ತಿತ್ತು."

ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಸದ್ದಿಲ್ಲದೆ ಬಂದು ಅವರ ಎದುರಿಗೆ, ಸರಿಯಾಗಿ ಎದುರಿಗೇ, ನೆಲದ ಮೇಲೆ ಕೂತು ಮುಖ ಎತ್ತಿದೆ.

ಅವರು ಸೋಫಾದ ಖಾಲಿ ಜಾಗದ ಕಡೆಗೆ ಪೂರ್ತಿ ತಿರುಗಿ ಕೇಳಿದರು, "ಎಲ್ಲಿಗೆ ಹೋದ್ಯೇ?"