ಲ್ಯಾಬಕ್ಕ ಉಳಿಸಿದ ಹತ್ತು ರ‍್ಯಾಮ್‌ಗಳು

ನಮ್ಮ ಡ್ರಾಯಿಂಗ್ ವಿಭಾಗದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತೇವೆ. ಇಪ್ಪತ್ತೆರಡು ವರ್ಷದ ಹಿಂದೆ ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಮೇಜಿನ ಕೆಳಗೆ ಕೂತು ಯಂತ್ರ ಬಿಚ್ಚುತ್ತಿದ್ದ ಮೆಕ್ಯಾನಿಕ್‌ಗೆ ಟಾರ್ಚ್ ಹಿಡಿದೂ ಹಿಡಿದೂ ಕೆಲಸ ಕಲಿತರು. ಈಗ ಕಂಪ್ಯೂಟರ್ ಶುರುವಾಗುವಾಗಿನ ಬೀಪ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಒಂದು ಬೀಪ್ ಎಂದರೆ ಕ್ಷೇಮ. ಮೂರು ಎಂದರೆ ಮೆಮೊರಿಯದ್ದು ತಕರಾರು. ಹೇಗೆ ಗೊತ್ತಾಗುತ್ತೆ ಎಂದು ಕೇಳಿದರೆ, ಸ್ಕ್ರೂಡ್ರೈವರನ್ನು ಮುಡಿಗೆ ಸಿಕ್ಕಿಸಿಕೊಳ್ಳುತ್ತ, ಕೂಸಿನ ಅಳು ತಾಯಿಗೆ ತಿಳಿಯಲ್ವಾ ಎನ್ನುತ್ತಾರೆ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಸೋಮವಾರವಿತ್ತು. ಹಿಂದಿನ ಗುರುವಾರ ಹತ್ತು ಹೊಸ ಯಂತ್ರ ಬಂದವು. ಮುಖ ಕಾಣುವಷ್ಟು ಹೊಳಪು. ಆದರೆ ನಾವು ವರ್ಷವಿಡೀ ಬಿಡಿಸಿದ ಕಟ್ಟಡದ ಫೈಲ್ ತೆರೆದರೆ ಪರದೆ ಕಲ್ಲಾಗಿ ನಿಂತುಬಿಡುತ್ತಿತ್ತು. ಎರಡು ರ‍್ಯಾಮ್, ಅಂದರೆ ಮೆಮೊರಿಯ ಪಟ್ಟಿ, ಬೇಕಾದ ಕಡೆ ಒಂದೊಂದೇ ಇತ್ತು. ಇನ್ನೊಂದು ತರಿಸಿದರೆ ಬರುವುದು ಪರೀಕ್ಷೆ ಮುಗಿದ ಮೇಲೆ. ಹಳೆಯ ಯಂತ್ರಗಳು ಆಗಲೇ ಹಾರ್ಡ್ ಡಿಸ್ಕ್ ಕಳಚಿಸಿಕೊಂಡು ಗುಜರಿಗೆಂದು ವರಾಂಡದಲ್ಲಿ ಸಾಲಾಗಿ ನಿಂತಿದ್ದವು.

ಅವುಗಳಲ್ಲಿ ಇದೇ ಜಾತಿಯ ಪಟ್ಟಿಗಳಿವೆ, ತೆಗೆದು ಹಾಕುತ್ತೇನೆ ಎಂದರು ಲ್ಯಾಬಕ್ಕ. ಹೊಸ ಯಂತ್ರ ತಂದಿದ್ದ ಇಂಜಿನಿಯರ್ ನಕ್ಕ. ಹಳೆಯದರ ಜೊತೆ ಹೊಸದೂ ಕುಂಟುತ್ತದೆ ಎಂದ. ಕುಂಟಿದರೂ ಊರು ಸೇರುತ್ತಲ್ಲ, ಈಗ ಎದ್ದೇ ಇಲ್ಲವಲ್ಲ ಎಂದರು ಇವರು. ವಿಭಾಗದ ಮುಖ್ಯಸ್ಥೆ ಪರೀಕ್ಷೆಯನ್ನೇ ಮುಂದೆ ಹಾಕುವ ಪತ್ರ ಬರೆಯುತ್ತಿದ್ದರು. ಪೆನ್ನು ಕೆಳಗಿಟ್ಟರು.

"ಸೋಮವಾರ ಹತ್ತೂ ಓಡುತ್ತಾ?"

"ಓಡುತ್ತೆ ಮೇಡಂ. ನನ್ನ ಜವಾಬ್ದಾರಿ."

ಪತ್ರ ಅರ್ಧಕ್ಕೆ ನಿಂತಿತು.

ಶನಿವಾರ ಬೆಳಿಗ್ಗೆ ಹಳೆಯ ಪಟ್ಟಿಗಳನ್ನೆಲ್ಲ ಪೇಪರಿನ ಮೇಲೆ ಹರವಿದರು. ಅಂಚಿನ ಕಚ್ಚು ಹೊಸ ಯಂತ್ರಕ್ಕೆ ಹೊಂದದವನ್ನು ಬದಿಗಿಟ್ಟ ಮೇಲೆ ಸರಿಯಾಗಿ ಹತ್ತು ಉಳಿದವು. ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ರಬ್ಬರಿನಿಂದ ಮೆಲ್ಲಗೆ ಉಜ್ಜಿ ಎಂದು ನಮಗೆ ಕೊಟ್ಟು, ಹೊಸ ಯಂತ್ರಗಳ ಮುಚ್ಚಳ ತೆಗೆಯಲು ಕೂತರು. ರಬ್ಬರಿಗೆ ನಮ್ಮಲ್ಲಿ ಬರವೇ? ಮೂರು ವರ್ಷ ಪೆನ್ಸಿಲ್ ಸವೆಸಿದವರು ನಾವು. ಪೈಪೋಟಿಯಲ್ಲಿ ಉಜ್ಜಿದೆವು.

ಪಟ್ಟಿ ಕೂರಿಸಿ ಮೊದಲ ಯಂತ್ರ ಹಾಕಿದಾಗ ಮೂರು ಬೀಪ್. ಎರಡನೆಯದಕ್ಕೂ ಮೂರು. ಐದನೆಯದರ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಲ್ಯಾಬಕ್ಕ ಸ್ಟೂಲು ಎಳೆದುಕೊಂಡು ಕೂತರು. ಒಂದು ಪಟ್ಟಿ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಬೆರಳು ಎಳೆದರು. ಬೆರಳು ಕಪ್ಪಾಯಿತು.

"ಯಾರ ರಬ್ಬರಿದು?"

ಸ್ಕೇಲು ಕೈ ಎತ್ತಿದಳು. ನಮ್ಮ ಗೆಳತಿಯ ಎತ್ತರಕ್ಕೆ ನಾವಿಟ್ಟ ಹೆಸರು ಅದು. ಅವಳ ರಬ್ಬರು ಇದ್ದಿಲ ತುಂಡಿನಂತಿತ್ತು. ನಮ್ಮ ನಮ್ಮದನ್ನು ಹೊರತೆಗೆದೆವು. ಒಂದಕ್ಕಿಂತ ಒಂದು ಕಪ್ಪು. ಪೆನ್ಸಿಲಿನ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ನಾವು ಹಲ್ಲಿನಿಂದ ಹಲ್ಲಿಗೆ ಗೆರೆ ಎಳೆದು ಕೊಟ್ಟಿದ್ದೆವು.

"ಪರೀಕ್ಷೆಗೆ ಮೊದಲೇ ಡ್ರಾಯಿಂಗ್ ಮುಗಿಸಿಬಿಟ್ರಲ್ರೇ," ಎಂದು ಲ್ಯಾಬಕ್ಕ ನಕ್ಕರು. ಆಗ ನಮಗೆ ಉಸಿರು ಬಂತು.

ಮನೆಗೆ ಫೋನ್ ಮಾಡಿ ಆ ಕಪ್ಪು ಒರೆಸಲು ಅತ್ತೆಯನ್ನು ಸ್ಪಿರಿಟ್ ಕೇಳಿದರು. ಅತ್ತೆ ನಿವೃತ್ತ ನರ್ಸು; ಗಾಯ ಯಾರಿಗೆ ಎಂದರಂತೆ. ಯಂತ್ರಕ್ಕೆ ಎಂದದ್ದೇ ತಡ, ಅರ್ಧ ಗಂಟೆಯಲ್ಲಿ ಆಟೋದಿಂದ ತಾವೇ ಇಳಿದರು, ಕೈಯಲ್ಲಿ ಬಾಟಲಿ, ಬಗಲಲ್ಲಿ ಹತ್ತಿಯ ಉಂಡೆ. ಕನ್ನಡಕ ಏರಿಸಿ ನಮ್ಮ ನಡುವೆ ಕೂತು, ಉಜ್ಜಬೇಡಿ, ಒರೆಸಿ, ಒಮ್ಮೆ ಒರೆಸಿದ ಹತ್ತಿಯನ್ನು ಮತ್ತೆ ಮುಟ್ಟಬೇಡಿ ಎಂದು ವಾರ್ಡಿನ ದನಿಯಲ್ಲಿ ಹೇಳಿಕೊಟ್ಟರು. ಕೋಣೆಯೆಲ್ಲ ಆಸ್ಪತ್ರೆಯ ವಾಸನೆ.

"ಇಷ್ಟು ವರ್ಷಕ್ಕೆ ನಿನ್ನ ರೋಗಿಗಳನ್ನ ಇವತ್ತು ನೋಡ್ದೆ ಕಣೇ," ಎಂದರು ಸೊಸೆಗೆ.

"ಮಾತು ಕಮ್ಮಿ ಮಾಡಿ ಅತ್ತೆ, ಹತ್ತಿ ಕೊಡಿ."

ಪಟ್ಟಿ ಕೂರುವ ಗೂಡುಗಳನ್ನು ಬಣ್ಣದ ಬ್ರಶ್ಶಿನಿಂದ ಗುಡಿಸಿದ್ದು ಲ್ಯಾಬಕ್ಕನೇ. ಸಂಜೆಯ ಬಿಸಿಲು ಮೇಜಿಗೆ ಬರುವ ಹೊತ್ತಿಗೆ ಒಂದೊಂದಾಗಿ ಸ್ವಿಚ್ ಒತ್ತಿದರು. ಒಂದು ಬೀಪ್. ಪಕ್ಕದ್ದೂ ಒಂದೇ. ಅತ್ತೆ ಬೆರಳು ಮಡಚಿ ಎಣಿಸಿದರು. ಹತ್ತನೆಯ ಬೆರಳಿಗೆ ಸ್ಕೇಲು ಅವರನ್ನೇ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು.

ಸೋಮವಾರ ನನ್ನದು ಎರಡನೆಯ ತಂಡ. ವರಾಂಡದಲ್ಲಿ ಕಾಯುತ್ತಿದ್ದೆ. ಪರೀಕ್ಷೆಯ ಹೊತ್ತಿನಲ್ಲಿ ಲ್ಯಾಬಕ್ಕನಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಫೈಲ್‌ಗಳು ನಿಧಾನವಾಗಿಯೇ ತೆರೆದವು, ಆದರೆ ತೆರೆದವು.

ಮುಖ್ಯಸ್ಥೆ ಹೊರಬಂದು, ಗುಜರಿಯವರಿಗೆ ಬರಬೇಡಿ ಅಂದಿದ್ದೇನೆ, ಅವುಗಳಲ್ಲಿ ಇನ್ನೇನೇನು ಉಳಿಸಬಹುದು ನೋಡಿ ಎಂದರು. ಲ್ಯಾಬಕ್ಕ ಹ್ಞೂಂ ಎಂದರು, ಗಾಜಿನಿಂದ ಕಣ್ಣು ಕೀಳದೆ. ಒಳಗೆ ಹತ್ತು ಪರದೆಗಳಲ್ಲಿ ಹತ್ತು ಮನೆಗಳು ಮೆಲ್ಲಗೆ ತಿರುಗುತ್ತಿದ್ದವು.