ಬಿಸಿಲಿನ ಬದಿ

ಇನ್ನಂಜೆ ಸ್ಟೇಷನ್ನಿನ ಬಳಿ ರೈಲಿನ ಫೋಟೋಗೆ ಕಾಯುತ್ತಿದ್ದಾಗ ಹಳಿಯ ಗ್ರೀಸಿನ ವಾಸನೆ ಬಂತು, ನಾನು ಚಿಕ್ಕವನಿದ್ದಾಗ ಇದೇ ಹಳಿಯ ಪಕ್ಕ ನನ್ನೊಡನೆ ಕಾದು ನಿಂತಿದ್ದ ಅಮ್ಮ ನೆನಪಾದಳು.

ಅಪ್ಪ ಲಾರಿ ಚಾಲಕ. ಲಾರಿಗಳನ್ನು ಹೊತ್ತು ಉತ್ತರಕ್ಕೆ ಹೋಗುವ ರೈಲಿನ ಮೇಲೆ ತನ್ನ ಲಾರಿಯಲ್ಲೇ ಕುಳಿತು ಹೋಗುತ್ತಿದ್ದ. ಅಂದು ಮಾವನಿಂದ ಕೇಳಿ ತಂದ ಕ್ಯಾಮೆರಾದಲ್ಲಿ ಒಂದೇ ಫೋಟೋಗಾಗುವಷ್ಟು ರೀಲು ಉಳಿದಿತ್ತು. ಅಮ್ಮನಿಗೆ ಅಪ್ಪನ ಮುಖ ಬೇಕಿತ್ತು.

“ಎಂತ ಮಾರಾಯ್ತಿ, ನೆರಳು ಆಚೆ ಬದಿಯಲ್ಲಿ ಉಂಟಲ್ವಾ?” ಎಂದಳು ಹುಲ್ಲು ಕೊಯ್ಯುತ್ತಿದ್ದ ಗಿರಿಜಕ್ಕ.

“ಡ್ರೈವರ್ ಕೂರುವುದು ಈ ಬದಿಗೆ. ನೆರಳಲ್ಲಿ ನಿಂತರೆ ಕ್ಲೀನರನ ಫೋಟೋ ಬರ್ತದೆ,” ಎಂದಳು ಅಮ್ಮ.

ರೈಲು ಬಂತು. ಅಪ್ಪ ನಮ್ಮನ್ನು ಕಂಡು ಜೋರಾಗಿ ಕೈಬೀಸಿದ. ತೊಳೆಸಿ ತಂದ ಫೋಟೋದಲ್ಲಿ ಅವನ ಮುಖಕ್ಕೆ ಅಂಗೈ ಅಡ್ಡವಿತ್ತು.

“ಇನ್ನೊಮ್ಮೆ ಕೈ ಬೀಸಬೇಡಿ, ಸುಮ್ಮನೆ ನೋಡಿ,” ಎಂದಳು ಅಮ್ಮ, ಮನೆಗೆ ಮರಳಿದ ಅಪ್ಪನಿಗೆ, ಅದನ್ನೇ ಗೋಡೆಗೆ ಹಾಕುತ್ತ.

ಇಂದೂ ಲಾರಿ ರೈಲು ಬಂತು. ಬಿಸಿಲಿನ ಬದಿಯಲ್ಲಿ ನಾನೊಬ್ಬನೇ ಇದ್ದೆ. ಯಾರೋ ಚಾಲಕ ಕೈಬೀಸಿದ. ಆ ಕೈ ಇಳಿಯುವವರೆಗೂ ಕಾದು ಫೋಟೋ ತೆಗೆದೆ.