ಅಮೋಘಪ್ಪನ ತೂಗುತಗಡು

ಅಮೋಘಪ್ಪ ಕೂತಲ್ಲಿ ಕೂರುವ ಮನುಷ್ಯನಲ್ಲ. ಕಮಲಾಪುರದಿಂದ ಕಲಬುರಗಿ ಪಕ್ಕದ ಕಪನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಅವನು ಹದಿನೆಂಟು ವರ್ಷದಿಂದ ಫಿಟ್ಟರ್. ತೊಗರಿಯ ಸಿಪ್ಪೆ ಬಿಡಿಸುವ ಒರಟು ಕಲ್ಲಿನ ರೋಲರ್ ತಿರುಗುವಾಗ ಕೆಳಗೆ ನುಚ್ಚು ಬೀಳುವುದನ್ನು ಕಂಡರೆ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ದಪ್ಪ ಕಾಳಿಗೂ ಸಣ್ಣ ಕಾಳಿಗೂ ರೋಲರಿನ ಎದುರು ಒಂದೇ ಅಳತೆಯ ಸಂದಿ. ದಪ್ಪದ್ದು ಒಡೆಯುತ್ತಿತ್ತು, ಸಣ್ಣದ್ದು ಸಿಪ್ಪೆ ಸಮೇತ ಪಾರಾಗುತ್ತಿತ್ತು.

2000ನೇ ಇಸವಿಯ ಮಳೆಗಾಲದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ಸಣ್ಣ ಯಂತ್ರವೊಂದನ್ನು ಮಾಡಿದ. ರೋಲರಿನ ಎದುರಿಗೆ ಬಾಗಿದ ತಗಡೊಂದು ತೂಗಾಡುತ್ತಿತ್ತು. ಅದರ ಹಿಂದಿನ ಸಲಾಕೆಯ ತುದಿಗೆ ಕಬ್ಬಿಣದ ತೂಕ. ದಪ್ಪ ಕಾಳು ಬಂದರೆ ತಗಡು ತಾನೇ ಹಿಂದೆ ಸರಿದು ಜಾಗ ಬಿಡುತ್ತಿತ್ತು, ಸಣ್ಣದು ಬಂದರೆ ಮುಂದೆ ಬರುತ್ತಿತ್ತು. ಹೆಂಡತಿ ರೇವಮ್ಮ ಕೈಯಿಂದ ತಿರುಗಿಸಿದಳು, ಅವನು ಕಾಳು ಸುರಿದ. ನುಚ್ಚು ಅರ್ಧಕ್ಕರ್ಧ ಕಡಿಮೆಯಾಗಿತ್ತು.

ನಕ್ಷೆ ಬರೆಸಲೆಂದು ಅವನು ಕಲಬುರಗಿಯ ಕುಸನೂರ ರಸ್ತೆಯಲ್ಲಿದ್ದ ನರಸಿಂಹರಾವ ಮಾಸ್ತರರ ಮನೆಗೆ ಹೋದ. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು ಅವರು. ಅವನು ಹೇಳಿದ್ದನ್ನೆಲ್ಲ ಕೇಳಿ ಪೆನ್ಸಿಲ್ ಕೆಳಗಿಟ್ಟರು.

"ಇದನ್ನ ಯಾರ್‍ಯಾರಿಗೆ ತೋರಿಸೀದಿ?"

"ಮನಿಯಾಕಿ ನೋಡ್ಯಾಳ್ರಿ. ಮೋಮಿನಪುರದ ಸಿಕಂದರ್ ಲೇಥ್‌ನ್ಯಾಗ ಬಿಡಿಭಾಗ ಮಾಡಿಕೊಟ್ಟಾನ, ಪೂರಾ ಯಂತ್ರ ನೋಡಿಲ್ಲ."

"ಹಂಗಾರ ಇನ್ನ ಯಾರಿಗೂ ತೋರಿಸಬ್ಯಾಡ. ಮೊದಲ ಪೇಟೆಂಟ್ ಅರ್ಜಿ ಹಾಕೋಣ."

"ಮಾಸ್ತರ್ರ, ಆಫ್ರಿಕಾದಾಗೂ ತೊಗರಿ ಮಿಲ್ ಹಾಕಾಕತ್ತಾರಂತ. ಯಂತ್ರ ಇಲ್ಲಿಂದನ ಹಡಗಿನ್ಯಾಗ ಹೋಗ್ತಾವ. ಅಲ್ಲಿ ಯಾರರ ನಕಲ್ ಮಾಡಿದ್ರ? ಎಲ್ಲಾ ದೇಶಕ್ಕೂ ಸೇರಿ ಒಂದೇ ಪೇಟೆಂಟ್ ಸಿಗಂಗಿಲ್ಲೇನ್ರಿ?"

"ಹಂಗ ಒಂದೇ ಪೇಟೆಂಟ್ ಅಂತ ಇಲ್ಲಪ. ಇಲ್ಲಿ ಅರ್ಜಿ ಹಾಕಿದ ತಾರೀಖಿನಿಂದ ಹನ್ನೆರಡು ತಿಂಗಳದಾಗ ಒಂದು ಅಂತರರಾಷ್ಟ್ರೀಯ ಅರ್ಜಿ ಹಾಕಬಹುದು. ಆಗ ಇಲ್ಲಿನ ತಾರೀಖೇ ಅಲ್ಲೂ ನಡೀತದ. ಆಮ್ಯಾಲೆ ನಿನಗ ಬೇಕಾದ ದೇಶಕ್ಕ ಒಂದೊಂದಾಗಿ ಹೋಗಬೇಕು. ಕೊಡೋದು ಬಿಡೋದು ಆಯಾ ದೇಶದ್ದು. ಆದ್ರ ಅರ್ಜಿಗಿಂತ ಮೊದಲ ಮಂದಿ ಮುಂದ ಯಂತ್ರ ತಿರುಗಿಸಿದಿ ಅಂದ್ರ, ಬಹಳ ದೇಶದಾಗ ಅದನ್ನ ಹೊಸದು ಅಂತ ಒಪ್ಪಂಗಿಲ್ಲ."

ಅರ್ಜಿಗೆ ಕಾಯುತ್ತಾ ಕಳೆದ ನಾಲ್ಕು ತಿಂಗಳು ಅಮೋಘಪ್ಪನಿಗೆ ಊಟ ರುಚಿಸಲಿಲ್ಲ. ಮಿಲ್ಲಿನಲ್ಲಿ ನುಚ್ಚಿನ ರಾಶಿಯ ಪಕ್ಕವೇ ನಿಂತು ಸುಮ್ಮನಿರಬೇಕಿತ್ತು. ಯಾರಾದರೂ ರೋಲರ್ ಬಗ್ಗೆ ಬೈದರೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಹೊರಗೆ ಹೋಗಿ ಅಂಗಳ ಸುತ್ತಿ ಬರುತ್ತಿದ್ದ. ಸಿಕಂದರ್ ಕೇಳಿಯೇ ಕೇಳಿದ: "ಅಮೋಘಪ್ಪ ಭಾಯಿ, ಇದು ಏನ್ ಚೀಜ್? ನನಗರ ಹೇಳ್ರಿ." ಅಮೋಘಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಕೃಷಿ ಯಂತ್ರಗಳ ಪ್ರದರ್ಶನ ಬಂತು. ಅರ್ಜಿ ಇನ್ನೂ ಸಿದ್ಧವಾಗಿರಲಿಲ್ಲ. ಅವನಿಗೆ ತಾಳ್ಮೆ ಕೆಟ್ಟಿತು. ಮಾಸ್ತರರಿಗೆ ಹೇಳದೆ ಟೆಂಪೋದಲ್ಲಿ ಯಂತ್ರ ಏರಿಸಿದ. ರೇವಮ್ಮ ಪಕ್ಕದಲ್ಲಿ ಕೂತಳು. ಮೈದಾನದ ಗೇಟಿನಲ್ಲಿ ಅವನು ಹಗ್ಗ ಬಿಚ್ಚಲು ಹೋದಾಗ ಆಕೆ ಅವನ ಕೈ ಹಿಡಿದಳು.

"ನಾಕು ತಿಂಗಳಿಂದ ನಾ ನಮ್ಮ ಅವ್ವಗೂ ಹೇಳಿಲ್ಲ. ನನಗೇನು ಹೇಳಬೇಕನಸಿಲ್ಲೇನ್ರಿ? ನೀವು ಇವತ್ತ ಇಳಿಸೂದಿದ್ರ ನಾ ಯಾಕ ಬಾಯಿ ಮುಚ್ಚಿಕೊಂಡಿದ್ದೆ?"

ಒಳಗಿಂದ ಮೈಕಿನ ದನಿ ಕೇಳುತ್ತಿತ್ತು. ಅಮೋಘಪ್ಪ ಹಗ್ಗದ ಗಂಟು ಮತ್ತೆ ಬಿಗಿದ. ಟೆಂಪೋ ತಿರುಗಿಸಲು ಹೇಳಿದ.

ಜನವರಿಯಲ್ಲಿ ಚೆನ್ನೈನ ಪೇಟೆಂಟ್ ಕಚೇರಿಗೆ ಅರ್ಜಿ ಹೋಯಿತು. ಈಗ ಹನ್ನೆರಡು ತಿಂಗಳ ಗಡುವು ಶುರು. ಶೆಡ್ಡಿನ ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದು ಹಾಕುತ್ತಾ, ಮಾಸ್ತರರ ಮನೆಗೆ ವಾರಕ್ಕೆ ಮೂರು ಸಲ ಎಡತಾಕುತ್ತಿದ್ದ. ಗಡುವಿಗೆ ಒಂಬತ್ತು ದಿನ ಇರುವಾಗ ಅಂತರರಾಷ್ಟ್ರೀಯ ಅರ್ಜಿಯೂ ಸಲ್ಲಿಕೆಯಾಯಿತು. ಇಂಥ ಯಂತ್ರ ಜಗತ್ತಿನಲ್ಲಿ ಮೊದಲೇ ಇತ್ತೇ ಎಂದು ಹುಡುಕುವ ಕೆಲಸ ವಿಯೆನ್ನಾದ ಪೇಟೆಂಟ್ ಕಚೇರಿಗೆ ಬಿತ್ತು.

2002ರ ಬೇಸಿಗೆಯಲ್ಲಿ ಅಲ್ಲಿಂದ ಬಂದ ವರದಿಯನ್ನು ಮಾಸ್ತರರು ಎರಡು ಸಲ ಓದಿ ಕನ್ನಡಕ ತೆಗೆದರು.

"ಹಂಗೇರಿಯಾಗ ಒಬ್ಬಾವ 1961ರಾಗ ಬಟಾಣಿ ಸಿಪ್ಪಿ ಬಿಡಿಸಾಕ ಇಂಥಾದ್ದೇ ತೂಗುತಗಡು ಮಾಡ್ಯಾನಪ."

"ನಾ ಹುಟ್ಟೂದಕಿಂತ ಮೊದಲನ?" ಅಮೋಘಪ್ಪ ಎದ್ದವನು ಚಪ್ಪಲಿ ಮೆಟ್ಟದೆ ರಸ್ತೆಗೆ ಹೋದ. ಉರಿಬಿಸಿಲಿನಲ್ಲಿ ಸುತ್ತಿ, ಅಂಗಾಲು ಸುಟ್ಟುಕೊಂಡು ಮರಳಿ ಬಂದು, "ಅವನ ನಕ್ಷಾ ತೋರಿಸ್ರಿ" ಎಂದ.

ನಕ್ಷೆಯ ಮೇಲೆ ಬಾಗಿ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು.

"ಇಂವ ಸ್ಪ್ರಿಂಗ್ ಹಾಕ್ಯಾನ್ರಿ! ನಾನೂ ಮೊದಲ ಸ್ಪ್ರಿಂಗೇ ಹಾಕಿದ್ದೆ. ದಿನಾ ಓಡಿದ್ರ ಸ್ಪ್ರಿಂಗ್ ಸಡಿಲ ಬೀಳ್ತದ, ತಗಡು ಹಿಂದಕ್ಕ ಜೋತು ಬೀಳ್ತದ. ತೂಕ ದಣಿಯಂಗಿಲ್ಲ. ಪಾಪ, ಅವಗ ಅದು ಹೊಳೀಲಿಲ್ಲ."

ಮಾಸ್ತರರು ಚೆನ್ನೈನ ಪೇಟೆಂಟ್ ಏಜೆಂಟರೊಡನೆ ಮಾತಾಡಿ ಅರ್ಜಿಯಲ್ಲಿ ಕೇಳಿದ್ದ ಹಕ್ಕುಗಳನ್ನು ತಿದ್ದಿಸಿದರು. ತೂಗುತಗಡೆಲ್ಲ ತನ್ನದೆಂಬ ಮಾತು ಹೋಯಿತು. ತೂಕ, ಸಲಾಕೆ, ಅವುಗಳ ಜೋಡಣೆ ಅಷ್ಟೇ ಉಳಿಯಿತು. ದೇಶಗಳ ಪಟ್ಟಿಯೂ ಹಾಗೆಯೇ ಸಣ್ಣದಾಯಿತು. ತೊಗರಿ ಬೇಳೆ ಮಾಡದ ದೇಶಗಳನ್ನು ಅಮೋಘಪ್ಪನೇ ಹೊಡೆದು ಹಾಕಿದ. ಬೇರೆ ದೇಶಗಳಿಗೆ ಹೋಗಲು ಮೊದಲ ಅರ್ಜಿಯಿಂದ ಇದ್ದ ಮೂವತ್ತು ತಿಂಗಳ ಗಡುವು ಮುಗಿಯುವ ಹೊತ್ತಿಗೆ, 2003ರ ಜುಲೈಯಲ್ಲಿ, ಕೀನ್ಯಾ ಒಂದಕ್ಕೆ ಮಾತ್ರ ಅರ್ಜಿ ಹೋಯಿತು.

ನಡುವೆ ಅವನು ಮಾಸ್ತರರ ಕೈಯಲ್ಲಿ ಹಂಗೇರಿಯವನ ವಿಳಾಸಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದ. ನಿಮ್ಮ ಯಂತ್ರ ಎಷ್ಟು ದಿನ ಓಡಿತು, ಸ್ಪ್ರಿಂಗ್ ಸಡಿಲವಾದಾಗ ಏನು ಮಾಡಿದಿರಿ ಎಂದು. ಐದು ತಿಂಗಳ ಮೇಲೆ ಲಕೋಟೆ ಒಡೆಯದೆ ವಾಪಸು ಬಂತು. ಆ ವಿಳಾಸದಲ್ಲಿ ಅಂಥವರಿಲ್ಲ. ವರದಿ ಬಂದ ದಿನಕ್ಕಿಂತ ಆ ದಿನವೇ ಅವನ ಮುಖ ಹೆಚ್ಚು ಸಣ್ಣದಾಗಿತ್ತು ಎಂದು ರೇವಮ್ಮ ಹೇಳುತ್ತಾಳೆ.

ಇಲ್ಲಿನ ಪೇಟೆಂಟ್ 2005ರಲ್ಲಿ, ಕೀನ್ಯಾದ್ದು ಮರುವರ್ಷ ಸಿಕ್ಕಿತು. ಕಪನೂರಿನಲ್ಲಿ ಯಂತ್ರ ತಯಾರಿಸುವವರೊಬ್ಬರು ಅವನೊಡನೆ ಕರಾರು ಮಾಡಿಕೊಂಡು, ಎರಡು ಯಂತ್ರಗಳನ್ನು ಕೀನ್ಯಾದ ಮೊಂಬಾಸಾಕ್ಕೆ ಕಳಿಸಿದರು. ನೈರೋಬಿಯಿಂದ ಪೇಟೆಂಟ್ ಕಾಗದ ಬಂದ ದಿನ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ, ಪೇಡೆ ಕೈಗಿಟ್ಟರು.

ಅಮೋಘಪ್ಪ ಪೇಡೆ ತಿನ್ನಲೇ ಇಲ್ಲ. "ಅಲ್ಲಿನ ಕಾಳು ಇಲ್ಲಿನದಕಿಂತ ದಪ್ಪ ಇದ್ರ ಈ ತೂಕ ಭಾರ ಆಗಬಹುದ್ರಿ" ಎಂದ. ಮಾಸ್ತರರು ಇನ್ನೇನೋ ಹೇಳುವಷ್ಟರಲ್ಲಿ ಅವನು ಮೋಮಿನಪುರದ ಕಡೆ ಹೊರಟಿದ್ದ. ಸಿಕಂದರನಿಂದ ಆ ಸಂಜೆಯೇ ಮೂರು ಹಗುರ ತೂಕ ಮಾಡಿಸಬೇಕಿತ್ತು.